ಮಾಳಿಗೆಯ ಮೇಲೆ ಗಾಳಿಯಂತ್ರ

"ಆಷಾಢದ ಗಾಳಿಗೆ ಒಣಹಾಕಿದ ಸೀರೆ ಪಕ್ಕದ ಮನೆ ಸೇರುತ್ತದೆ. ಈ ಗಾಳಿಯಿಂದ ಕರೆಂಟು ತೆಗೆಯಬಾರದೇ? ನಮ್ಮ ಯಜಮಾನರು ಚೀಟಿ ಎತ್ತಿ ಒಂದು ಕಿಲೋವ್ಯಾಟಿನ ಯಂತ್ರ ತರುತ್ತೇನೆ ಅಂತಾರೆ" ಎಂದು ಸಿರುಗುಪ್ಪದ ಸೋದರಿಯೊಬ್ಬರು ಬರೆದಿದ್ದಾರೆ. ತೆಗೆಯಬಹುದು, ತಾಯಿ. ಆದರೆ ಚೀಟಿ ಎತ್ತುವ ಮುನ್ನ ಇದನ್ನು ಅವರಿಗೂ ಓದಿ ಹೇಳಿ.

ಯಂತ್ರದ ಗುಟ್ಟು ಸೈಕಲ್ಲಿನ ಡೈನಮೋದ್ದೇ. ಗಾಳಿಗೆ ರೆಕ್ಕೆ ತಿರುಗುತ್ತದೆ, ಜೊತೆಗೆ ಅಯಸ್ಕಾಂತವೂ ತಿರುಗಿ ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಹಿಂದಿನ ಬಾಲ ರೆಕ್ಕೆಯನ್ನು ಗಾಳಿಗೆ ಎದುರಾಗಿ ನಿಲ್ಲಿಸುತ್ತದೆ. ಹುಟ್ಟಿದ ಕರೆಂಟು ಕಂಟ್ರೋಲರ್ ದಾಟಿ ಬ್ಯಾಟರಿಗೆ, ಅಲ್ಲಿಂದ ಇನ್ವರ್ಟರ್ ಮೂಲಕ ಮನೆಗೆ. ಗಾಳಿ ಬಂದಾಗ ತೂರಿಕೋ ಅಂತಾರಲ್ಲ, ಇಲ್ಲಿ ತೂರಿದ್ದನ್ನು ತುಂಬಿಡುವ ಕಣಜವೇ ಬ್ಯಾಟರಿ.

ಲೆಕ್ಕವೆಲ್ಲ ಗಾಳಿಯ ವೇಗದ ಮೇಲೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಅರ್ಧಕ್ಕಿಳಿದರೆ ಎಂಟರಲ್ಲಿ ಒಂದೇ ಪಾಲು! ರೆಕ್ಕೆ ತಿರುಗುವ ಸುತ್ತು 2 ಮೀಟರ್ ಅಗಲವಿದ್ದರೆ, ಗಂಟೆಗೆ 43 ಕಿ.ಮೀ. ಗಾಳಿಗೆ ಹೆಚ್ಚುಕಡಿಮೆ 800 ವ್ಯಾಟ್ ಬಂದೀತು. 22 ಕಿ.ಮೀ.ಗೆ 100 ವ್ಯಾಟ್. 11 ಕಿ.ಮೀ.ಗೆ 12 ವ್ಯಾಟ್, ಅಂದರೆ ಒಂದು ಎಲ್.ಇ.ಡಿ. ಬಲ್ಬು. ಮಾರುವವರು ಹೇಳುವ ಕಿಲೋವ್ಯಾಟು ಸೀರೆ ಹಾರಿಸುವ ಗಾಳಿಯದ್ದು, ದಿನನಿತ್ಯದ್ದಲ್ಲ. ಎಷ್ಟು ಗಾಳಿಗೆ ಎಷ್ಟು ವ್ಯಾಟ್ ಅಂತ ಬರೆಸಿಕೊಳ್ಳಿ.

ಜಾಗವೂ ಮುಖ್ಯ. ಗದಗದ ಕಪ್ಪತಗುಡ್ಡ, ಚಿತ್ರದುರ್ಗದ ಜೋಗಿಮಟ್ಟಿಯಲ್ಲಿ ದೊಡ್ಡ ಯಂತ್ರಗಳು ನಿಂತಿರುವುದು ಗುಡ್ಡದ ನೆತ್ತಿಯಲ್ಲಿ. ಬಳ್ಳಾರಿಯ ಓಣಿಯಲ್ಲಿ ಅಕ್ಕಪಕ್ಕದ ಮಹಡಿ, ಬೇವಿನ ಮರ ಗಾಳಿಯನ್ನು ಒಡೆದು ಸುಳಿ ಮಾಡುತ್ತವೆ. ಕುರುಗೋಡಿನಲ್ಲಿ ಪಡುವಣಕ್ಕೆ ಗುಡ್ಡವಿದ್ದ ಮನೆಗೆ ಗುಡ್ಡವೇ ಮರೆ. ಸುತ್ತ 300 ಅಡಿಯೊಳಗಿನ ಮರ, ಮನೆಗಳಿಗಿಂತ 30 ಅಡಿ ಮೇಲೆ ರೆಕ್ಕೆ ಇರಬೇಕು. ಮಾಳಿಗೆಗೇ ಕಂಬ ಬಿಗಿದರೆ ರಾತ್ರಿಯಿಡೀ ಗುಂಯ್ ಎನ್ನುತ್ತದೆ, ಅದುರಿ ಅದುರಿ ಗಾರೆಯೂ ಬಿರುಕು ಬಿಟ್ಟೀತು.

ಊರೊಳಗಿನ ಮನೆಗೆ ನನ್ನ ಮತ ಸೋಲಾರಿಗೇ. ನಮ್ಮ ಬಿಸಿಲಿಗೇನು ಬರವೇ? ಕೇಂದ್ರದ ಸೂರ್ಯ ಘರ್ ಯೋಜನೆಯಲ್ಲಿ 2024ರಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿ ಸಹಾಯಧನ ಗೊತ್ತುಮಾಡಿದರು. ಈಗಿನ ದರ ಜೆಸ್ಕಾಂ ಕಚೇರಿಯಲ್ಲಿ ವಿಚಾರಿಸಿ. ಬಯಲು ಹೊಲದ ಮನೆಯಾದರೆ ಮಾತು ಬೇರೆ: ಮೋಡದ ಮಳೆಗಾಲದಲ್ಲಿ ಗಾಳಿ, ಬೇಸಿಗೆಯಲ್ಲಿ ಬಿಸಿಲು, ಎರಡೂ ಒಂದೇ ಬ್ಯಾಟರಿ ತುಂಬಿಸಲಿ.

ಆ ಬ್ಯಾಟರಿಯನ್ನು ಮಾತ್ರ ಒಲೆಯ ಹತ್ತಿರ ಇಡಬೇಡಿ. ನೀರು ಹಾಕುವ ಬ್ಯಾಟರಿಯಿಂದ ಹೊತ್ತಿಕೊಳ್ಳುವ ಅನಿಲ ಬರುತ್ತದೆ. ಅದಕ್ಕೆ ನಲ್ಲಿ ನೀರಲ್ಲ, ಡಿಸ್ಟಿಲ್ಡ್ ವಾಟರೇ ಹಾಕಿ.