ಭಂಗಾರದೊಳಗಿನ ನೆನಪು

ಬೀದರ ಜಿಲ್ಲೆಯ ಭಾಲ್ಕಿಯ ಕನ್ನಡದಲ್ಲಿ ಮರಾಠಿ ಮತ್ತು ದಖನಿಯ ಮಾತುಗಳು ಹಾಲುಸಕ್ಕರೆಯಂತೆ ಬೆರೆತಿವೆ. ಮುರಿದ ಸಾಮಾನಿಗೆ ಆ ಕಡೆ 'ಭಂಗಾರ' ಎನ್ನುವುದುಂಟು. ಈ ಮಾತಿಗೂ 'ಬಂಗಾರ'ಕ್ಕೂ ನಡುವೆ ಒಂದು ಮಹಾಪ್ರಾಣದ ಅಂತರ ಮಾತ್ರ. ಆದರೂ ಒಂದನ್ನು ತಿಜೋರಿಯಲ್ಲಿಡುತ್ತಾರೆ, ಇನ್ನೊಂದನ್ನು ತೂಕಕ್ಕೆ ಹಾಕುತ್ತಾರೆ. ಕೆಟ್ಟ ಟೆಲಿವಿಷನ್ನು, ಹಳೆಯ ಕಂಪ್ಯೂಟರು, ಒಡೆದ ಮೊಬೈಲು ಇವೆಲ್ಲ ತೂಕಕ್ಕೆ ಹೋಗುವಾಗ ಅವುಗಳ ಒಡಲಿನಲ್ಲಿರುವ ನಿಜವಾದ ಬಂಗಾರ ಯಾವುದೆಂಬುದು ವಿಚಾರಮಾಡತಕ್ಕ ವಿಷಯ.

ಯಂತ್ರವೊಂದು ಕೆಟ್ಟಿತೆಂದರೆ ಅದರ ಅಂಗಾಂಗಗಳೆಲ್ಲ ಕೆಟ್ಟವೆಂದು ಅರ್ಥವಲ್ಲ. ವಿದ್ಯುತ್ತನ್ನು ಒದಗಿಸುವ ಭಾಗದಲ್ಲಿ ಒಂದು ಸಣ್ಣ ಬಿಡಿಭಾಗ ಸತ್ತರೂ ಟೆಲಿವಿಷನ್ನು ಮೂಕವಾಗುತ್ತದೆ. ಅದರೊಳಗೆ ಎಂಟು ಕಾಲಿನ ಪುಟ್ಟ ಕಪ್ಪು ಮೆಮೊರಿ ಚಿಪ್ಪೊಂದು ಆಗಲೂ ಜೀವಂತವಾಗಿರಬಹುದು. ಮನೆಯವರು ಯಾವ ವಾಹಿನಿಗಳನ್ನು ಹೊಂದಿಸಿಟ್ಟಿದ್ದರು, ಧ್ವನಿಯನ್ನು ಎಷ್ಟಕ್ಕೆ ಇಟ್ಟಿದ್ದರು ಎಂಬುದನ್ನು ಅದು ವಿದ್ಯುತ್ತಿಲ್ಲದಿದ್ದರೂ ನೆನಪಿಟ್ಟುಕೊಳ್ಳುತ್ತದೆ. ಕಂಪ್ಯೂಟರಿನ ಡಿ-ರ‍್ಯಾಮ್ ಚಿಪ್ಪು ಇದಕ್ಕೆ ವಿರುದ್ಧ. ವಿದ್ಯುತ್ತು ನಿಂತೊಡನೆ ಅದು ತನ್ನ ಪಾಠವನ್ನು ಮರೆಯುತ್ತದೆ.

24ಸಿ02 ಎಂಬ ಗುರುತಿನ ಸಾಧಾರಣ ಚಿಪ್ಪಿನಲ್ಲಿ 256 ಬೈಟುಗಳಷ್ಟು ಜಾಗವಿದೆ. ಇಂದಿನ ಲೆಕ್ಕದಲ್ಲಿ ಇದು ಏನೇನೂ ಅಲ್ಲವೆಂದು ಹುಬ್ಬೇರಿಸುವವರುಂಟು. ಆದರೆ ಗಂಟೆಗೊಮ್ಮೆ ಒಂದು ಬೈಟಿನಂತೆ ಭಾಲ್ಕಿಯ ಬೇಸಗೆಯ ಉಷ್ಣತೆಯನ್ನು ಅದರಲ್ಲಿ ಬರೆದಿಟ್ಟರೆ, ಹತ್ತು ದಿನಗಳಿಗೂ ಮೀರಿದ ದಾಖಲೆ ಅದರಲ್ಲಿ ಹಿಡಿಯುತ್ತದೆ. ನಡುವೆ ವಿದ್ಯುತ್ತು ಹೋದರೂ ಬರೆದದ್ದು ಅಳಿಸಿಹೋಗುವುದಿಲ್ಲ. ಆರ್ಡುಯಿನೊದಂತಹ ಕಲಿಕೆಯ ಫಲಕಕ್ಕೆ ಇದನ್ನು ಜೋಡಿಸಿದರೆ, ಮಾಹಿತಿ ಹೋಗಿಬರಲು ಎರಡೇ ತಂತಿಗಳು ಸಾಕು. ಪ್ರೌಢಶಾಲೆಯ ವಿದ್ಯಾರ್ಥಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು?

ಹೊಸ ಚಿಪ್ಪು ಕೆಲವೇ ರೂಪಾಯಿಗಳಿಗೆ ಸಿಗುವಾಗ ಹಳೆಯದನ್ನು ಕಿತ್ತು ಪರದಾಡುವುದೇಕೆ ಎಂಬ ಪ್ರಶ್ನೆ ನ್ಯಾಯವಾದುದೇ. ಉಳಿತಾಯವೊಂದೇ ಗುರಿಯಾಗಿದ್ದರೆ ಈ ಶ್ರಮ ವ್ಯರ್ಥವೆನ್ನಬೇಕು. ಆದರೆ ಹೊಸದನ್ನು ಕೊಂಡವನಿಗೆ ವಸ್ತು ದೊರೆಯುತ್ತದೆ. ಹಳೆಯದನ್ನು ಬಿಡಿಸಿದವನಿಗೆ ವಸ್ತುವಿನೊಡನೆ ವಿದ್ಯೆಯೂ ದೊರೆಯುತ್ತದೆ. ಮಾಸಿದ ಅಂಕಿಗಳನ್ನು ಓದುವುದು, ತಯಾರಕರ ವಿವರಪತ್ರವನ್ನು ಹುಡುಕುವುದು, ಯಾವ ಕಾಲಿಗೆ ಯಾವ ಕೆಲಸವೆಂದು ತಿಳಿಯುವುದು, ಬರೆದು ಓದಿ ಪರೀಕ್ಷಿಸುವುದು, ಇವೇ ನಿಜವಾದ ಪಾಠಗಳು. ಬೀದರಿನ ಬಿದ್ರಿ ಕುಶಲಕರ್ಮಿಗಳು ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಡನೆ ಕಲಸಿ ಪಾತ್ರೆಗೆ ಬಳಿಯುತ್ತಾರೆ. ಸತು-ತಾಮ್ರದ ಮೈ ಕಪ್ಪಾಗಿ, ಬೆಳ್ಳಿಯ ಕುಸುರಿ ಮಾತ್ರ ಬೆಳಗುತ್ತದೆ. ದಾರಿಹೋಕನಿಗೆ ಅದು ಬರಿಯ ಮಣ್ಣು. ಬಲ್ಲವನಿಗೆ ಅದೇ ಬಂಡವಾಳ.

ಬಲ್ಲವರಿಲ್ಲದ ಕಡೆ ಏನಾಗುತ್ತದೆ? ಫಲಕಗಳ ಮೇಲಿನ ಚಿನ್ನದ ತೆಳುಲೇಪಕ್ಕೆ ಆಸೆಪಟ್ಟು ಅವುಗಳನ್ನು ಸುಡುವುದು, ಆಮ್ಲದಲ್ಲಿ ಅದ್ದುವುದು ದೇಶದ ಹಲವೆಡೆ ನಡೆದಿದೆ. ಕವಡೆಯಷ್ಟು ಲೋಹಕ್ಕಾಗಿ ಬಡವರು ತಮ್ಮ ಶ್ವಾಸಕೋಶವನ್ನೇ ತೆರುತ್ತಾರೆ. ಸೀಸ ಮಣ್ಣಿಗೂ ನೀರಿಗೂ ಸೇರುತ್ತದೆ. 2022ರಲ್ಲಿ ಜಗತ್ತು 6 ಕೋಟಿ 20 ಲಕ್ಷ ಟನ್ ವಿದ್ಯುನ್ಮಾನ ಕಸವನ್ನು ಹೊರಹಾಕಿತೆಂದೂ, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಬಳಕೆಗೆ ಒಳಪಡಿಸಿದ್ದು ಶೇಕಡ 22.3 ಮಾತ್ರವೆಂದೂ ವಿಶ್ವಸಂಸ್ಥೆಯ ವರದಿ ತಿಳಿಸಿದೆ. ಈ ಬೆಟ್ಟವನ್ನು ಶಾಲಾಮಕ್ಕಳ ಹವ್ಯಾಸ ಕರಗಿಸಲಾರದು. ಆದರೆ ವಸ್ತುವಿನ ಒಳಗನ್ನು ಕಂಡ ಮಗು ಅದನ್ನು ಬೆಂಕಿಗೆ ಹಾಕುವ ಮುನ್ನ ಎರಡು ಬಾರಿ ಯೋಚಿಸುತ್ತದೆ.

ಈ ಹವ್ಯಾಸಕ್ಕೆ ಕೆಲವು ಕಟ್ಟುಪಾಡುಗಳು ಬೇಕು. ಟೆಲಿವಿಷನ್ನಿನ ಹಳೆಯ ಚಿತ್ರಕೊಳವೆಯಲ್ಲಿ ತಂತಿ ಕಳಚಿದ ಮೇಲೂ ಅಪಾಯಕರ ವಿದ್ಯುತ್ತು ಉಳಿದಿರಬಹುದಾದುದರಿಂದ, ಪೆಟ್ಟಿಗೆಯನ್ನು ಬಿಚ್ಚುವ ಕೆಲಸ ಬಲ್ಲ ಹಿರಿಯರದು. ಬೆಸುಗೆಯ ಹೊಗೆಗೆ ಮೂಗೊಡ್ಡಬಾರದು. ಮೊಬೈಲು, ಪೆನ್‌ಡ್ರೈವುಗಳ ಚಿಪ್ಪಿನಲ್ಲಿ ಹಿಂದಿನ ಒಡೆಯರ ಚಿತ್ರಗಳೂ ಲೆಕ್ಕಪತ್ರಗಳೂ ಇರಬಹುದು. ಅವನ್ನು ಇಣುಕಿ ನೋಡದೆ ಅಳಿಸುವುದು ಸಜ್ಜನಿಕೆ. ಹಳೆಯ ಚಿಪ್ಪನ್ನು ಉಜ್ಜಿ ಹೊಸದೆಂದು ಮಾರುವುದು ಮೋಸ. ಜೀವ ಕಾಯುವ ವೈದ್ಯಕೀಯ ಉಪಕರಣದಲ್ಲಿ ಅದನ್ನು ಕೂಡಿಸುವುದಂತೂ ಅಪರಾಧಕ್ಕೆ ಸಮಾನ. ಉಳಿದ ಫಲಕವನ್ನು ತಿಪ್ಪೆಗೆ ಎಸೆಯದೆ, 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಂತೆ ನೋಂದಾಯಿತ ಸಂಸ್ಕರಣಕಾರರಿಗೆ ತಲುಪಿಸಬೇಕು.

ಭಾಲ್ಕಿಯಲ್ಲಿ ಇಂಜಿನಿಯರಿಂಗ್ ಕಾಲೇಜಿದೆ, ಪ್ರೌಢಶಾಲೆಗಳಿವೆ, ಕೆಟ್ಟದ್ದನ್ನು ಸರಿಪಡಿಸುವ ಕೈಗಳೂ ಇವೆ. ಇವು ಮೂರೂ ಒಂದೆಡೆ ಸೇರುವುದು ವಿರಳ. ಕಾಲೇಜಿನ ವಿದ್ಯಾರ್ಥಿಗಳು ತಿಂಗಳಿಗೊಂದು ಶನಿವಾರ ಶಾಲೆಗೆ ಬಂದು, ರಿಪೇರಿ ಅಂಗಡಿಯವರನ್ನು ಗುರುಸ್ಥಾನದಲ್ಲಿ ಕೂರಿಸಿಕೊಂಡು ಮಕ್ಕಳಿಗೆ ಈ ವಿದ್ಯೆಯನ್ನು ಕಲಿಸಿದರೆ, ಅದಕ್ಕೆ ತಗಲುವ ವೆಚ್ಚ ಅಲ್ಪ. ಸಾಮಗ್ರಿಯಂತೂ ಊರ ಭಂಗಾರದಲ್ಲೇ ಬಿದ್ದಿದೆ. ಅದನ್ನು ಬಂಗಾರವೆಂದು ಕಾಣುವ ಕಣ್ಣನ್ನು ಮಕ್ಕಳಿಗೆ ಕೊಡುವುದು ಹಿರಿಯರ ಹೊಣೆ.