ಹೊಸ ಕಲ್ಲಿಗೆ ಮುನ್ನ ಹಳೆಯ ನಿಸಿದಿ

ಮುಂಬೈ, ಪುಣೆ, ಹೈದರಾಬಾದುಗಳಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳಲ್ಲಿ ಹಿರಿಯರು ತೀರಿಕೊಂಡರೆ ದಹನಸಂಸ್ಕಾರ ಬಹುತೇಕ ಆಯಾ ನಗರದಲ್ಲೇ ನಡೆಯುತ್ತದೆ. ನೆನಪಿನ ಕಲ್ಲನ್ನು ಮಾತ್ರ ಕೆಲವರು ಊರಿನ ಹೊಲದಲ್ಲೋ ಬಸದಿಯ ಆವರಣದಲ್ಲೋ ನೆಡಿಸುತ್ತಾರೆ: ಹೊಳಪು ಕೊಟ್ಟ ಕಪ್ಪು ಗ್ರಾನೈಟ್, ಯಂತ್ರ ಕೊರೆದ ಭಾವಚಿತ್ರ, ಕೆಳಗೆ ಮಕ್ಕಳು ಮೊಮ್ಮಕ್ಕಳ ಹೆಸರಿನ ಸಾಲು. ತಂದೆತಾಯಿಯರ ನೆನಪನ್ನು ಉಳಿಸುವ ಬಯಕೆಯಲ್ಲಿ ದೋಷವಿಲ್ಲ. ಆದರೆ ಅಂಥ ಕಲ್ಲಿಗೆ ‘ನಿಸಿದಿ’ ಎಂಬ ಹೆಸರಿಡುವುದು ಸಮಾಜಕ್ಕೇ ಹಾನಿ ತರುವ ಕೆಲಸ.

ನಿಸಿದಿ ಎಂಬುದು ಸಾವಿನ ಸ್ಮಾರಕವಷ್ಟೇ ಅಲ್ಲ, ವ್ರತದ ದಾಖಲೆ. ಶ್ರವಣಬೆಳಗೊಳದ ಚಿಕ್ಕಬೆಟ್ಟದಲ್ಲಿ ಏಳನೆಯ ಶತಮಾನದಷ್ಟು ಹಳೆಯ ಬರಹಗಳು ಬಂಡೆಯ ಮೇಲೆಯೇ ಕೊರೆದವು. ಬಹಳಷ್ಟರಲ್ಲಿ ಇರುವುದು ಸಾಧಕರ ಹೆಸರು, ಕೆಲವೊಮ್ಮೆ ಗುರುವಿನ ಅಥವಾ ಊರಿನ ಹೆಸರು, ನೋಂತು ದೇಹ ತ್ಯಜಿಸಿದ ಸಂಗತಿ, ಅಷ್ಟೆ. ಸಿರಿವಂತರು ನಿಲ್ಲಿಸಿದ ಕಲ್ಲುಗಳೂ ಇವೆ. ಹನ್ನೆರಡನೆಯ ಶತಮಾನದಲ್ಲಿ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ಪತ್ನಿ ಲಕ್ಷ್ಮೀಮತಿಗೆ ನಿಸಿದಿ ಮಾಡಿಸಿದ. ಶಾಂತಲಾದೇವಿಯ ತಾಯಿ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು ಒಂದು ತಿಂಗಳು ಉಪವಾಸವಿದ್ದು ಸಮಾಧಿ ಹೊಂದಿದ ಸಂಗತಿಯೂ ಶಾಸನದಲ್ಲಿದೆ. ಈ ಬರಹಗಳಲ್ಲಿ ಕುಲದ ಹೊಗಳಿಕೆ ಧಾರಾಳವಾಗಿದೆ, ನಿಜ. ಆದರೂ ಕಲ್ಲಿಗೆ ಅರ್ಹತೆ ತಂದುಕೊಟ್ಟದ್ದು ವ್ರತವೇ.

ಈ ವ್ಯತ್ಯಾಸ ಪಂಡಿತರ ಚರ್ಚೆಗೆ ಮಾತ್ರ ಸೇರಿದ್ದಲ್ಲವೆಂಬುದನ್ನು 2015 ತೋರಿಸಿಕೊಟ್ಟಿತು. ಆ ವರ್ಷದ ಆಗಸ್ಟ್ 10ರಂದು ರಾಜಸ್ಥಾನ ಹೈಕೋರ್ಟ್, ಸಲ್ಲೇಖನವು ಧರ್ಮದ ಅತ್ಯಗತ್ಯ ಆಚರಣೆಯೆಂದು ಸಾಬೀತಾಗಿಲ್ಲವೆಂದು ಹೇಳಿ, ಅದನ್ನು ಆತ್ಮಹತ್ಯೆಯ ಸಾಲಿಗೆ ಸೇರಿಸಿತು. ಅದೇ ತಿಂಗಳ 31ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ನೀಡಿತು. ಆಧಾರಪತ್ರವಿಲ್ಲದ ಲೆಕ್ಕವನ್ನು ಪರಿಶೋಧಕರು ಒಪ್ಪುವುದಿಲ್ಲ, ನ್ಯಾಯಾಲಯವೂ ಹಾಗೆಯೇ. ಸಾವಿರಕ್ಕೂ ಹೆಚ್ಚು ವರ್ಷಗಳ ಆಚರಣೆಗೆ ಕನ್ನಡ ನಾಡಿನಲ್ಲಿರುವ ಆಧಾರಪತ್ರಗಳೇ ನಿಸಿದಿಗಳು. ಅವುಗಳಲ್ಲಿ ರಕ್ಷಣೆಯಿಲ್ಲದ ಕೆಲವು ಹೊಲದ ಬದುವಿನಲ್ಲಿ, ಕೆರೆಯ ಏರಿಯ ಮೇಲೆ ಸವೆಯುತ್ತಿರುವಾಗ, ಯಾವ ವ್ರತವೂ ಇಲ್ಲದ ಗ್ರಾನೈಟ್ ಹಲಗೆಗಳಿಗೆ ಅದೇ ಹೆಸರು ಕೊಡುವುದು ತನ್ನ ಸಾಕ್ಷ್ಯವನ್ನು ತಾನೇ ಕಲಬೆರಕೆ ಮಾಡಿದಂತೆ.

“ನಮ್ಮ ತಂದೆ, ನಮ್ಮ ಹಣ, ಕೇಳುವವರು ಯಾರು?” ಎಂಬ ಮಾತು ಬರುತ್ತದೆ. ಸ್ವಂತ ಜಮೀನಿನ ಮಟ್ಟಿಗೆ ಆ ಮಾತಿಗೆ ಬೆಲೆಯಿದೆ. ಬಸದಿಯ ಆವರಣವಾದರೋ ಇಡೀ ಸಮಾಜದ ಸ್ವತ್ತು. ತೆರಿಗೆ ರಿಯಾಯಿತಿಯ ರಸೀದಿ ಪಡೆದು ಕೊಟ್ಟ ಹಣದಲ್ಲಿ ದಾನಿಯ ಮನೆತನದ ಸ್ಮಾರಕವೇ ಏಳುವುದಾದರೆ ಅದನ್ನು ದಾನವೆನ್ನಲಾಗದು. ಇನ್ನು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಹೊಸ ಕಟ್ಟಡವನ್ನು ಕಾನೂನೇ ನಿಷೇಧಿಸಿದೆ. ಅದರಾಚೆಯ 200 ಮೀಟರಿಗೆ ಪೂರ್ವಾನುಮತಿ ಬೇಕು. ಟ್ರಸ್ಟಿಗಳು ಮುಖ ನೋಡಿ ಒಪ್ಪಿಗೆ ಕೊಡುವ ವಿಷಯ ಇದಲ್ಲ.

ಕಲ್ಲು ಬೇಕೇ ಬೇಕೆನ್ನುವ ಕುಟುಂಬಕ್ಕೆ ಹೆಸರು, ಊರು, ಜನನ ಮರಣಗಳ ವರ್ಷ ಹಿಡಿಸುವಷ್ಟು ಚಿಕ್ಕ ಕಲ್ಲು ಸಾಕು. ಅದನ್ನು ಸ್ಮಾರಕವೆಂದೇ ಕರೆಯಲಿ. ಉಳಿದ ಹಣವನ್ನು ಹಿರಿಯರ ಹೆಸರಿನಲ್ಲಿ ಊರಿನದೇ ಒಂದು ಹಳೆಯ ನಿಸಿದಿಗೆ ಮೀಸಲಿಡಲಿ. ಮೊದಲು ಚಿತ್ರ ತೆಗೆದು, ಜಮೀನಿನ ಸರ್ವೆ ನಂಬರು ಗುರುತಿಸಿ, ಶಾಸನತಜ್ಞರಿಂದ ಅಚ್ಚು ತೆಗೆಸಿ ಪಾಠ ಓದಿಸಬೇಕು. ಅನುಮತಿ ದೊರೆತ ಬಳಿಕವೇ ಕಲ್ಲನ್ನು ಎತ್ತಿ ನಿಲ್ಲಿಸಬೇಕು. ಅಕ್ಷರಗಳಿಗೆ ಬಣ್ಣ ತುಂಬುವುದು, ಆಮ್ಲದಿಂದ ತೊಳೆಯುವುದು, ಭಕ್ತಿಯಿಂದ ಎಣ್ಣೆ ಸವರುವುದು ಇವೆಲ್ಲ ಕಲ್ಲನ್ನು ಕೆಡಿಸುತ್ತವೆ. ಬಸದಿ ಸಮಿತಿಗಳು ಈ ನಿಧಿಗೆ ಪ್ರತ್ಯೇಕ ಖಾತೆ ತೆರೆದು ಜಮಾಖರ್ಚನ್ನು ವಾರ್ಷಿಕ ಸಭೆಯ ಮುಂದಿಡಬೇಕು.

ಜೈನರಿಗೆ ರಾಷ್ಟ್ರಮಟ್ಟದ ಅಲ್ಪಸಂಖ್ಯಾತ ಮಾನ್ಯತೆ ದೊರೆತದ್ದು 2014ರ ಜನವರಿಯಲ್ಲಿ. ಪರಂಪರೆಯ ರಕ್ಷಣೆಗಾಗಿ ಸರಕಾರದ ಬಾಗಿಲು ತಟ್ಟುವ ಸಮಾಜವು ತನ್ನೂರಿನ ನಿಸಿದಿಗಳ ಪಟ್ಟಿಯನ್ನಾದರೂ ಕೈಯಲ್ಲಿ ಹಿಡಿದು ಹೋಗಬೇಡವೇ? ಆ ಪಟ್ಟಿಯ ಮೊದಲ ಸಾಲನ್ನು ಬರೆಯಲು ಬೇಸಗೆ ರಜೆಗೆ ಊರಿಗೆ ಬರುವ ಒಂದು ಕುಟುಂಬ ಸಾಕು.