1,300 ರೂಪಾಯಿ ಬ್ಯಾಟರಿಗೆ 23 ದಿನ

ಮಳೆ ಒಂಚೂರು ಹೊಳವಾಯ್ತು, ಹಾಂಗಾಗಿ ಬರೆಯೂಕೆ ಕೂತೆ. ಇವತ್ತು ಗದ್ದೆ ಸುದ್ದಿ ಅಲ್ಲ, ಮೊಬೈಲ್ ಬ್ಯಾಟರಿ ಸುದ್ದಿ. ಆದ್ರೆ ಕಡೆಗೆ ಅದು ತೋಟಕ್ಕೇ ಬಂದು ನಿಲ್ಲುತ್ತೆ, ಪೂರಾ ಓದಿ.

ನನ್ನ ಮೊಬೈಲಿಗೆ ಮೂರು ವರ್ಷ ಆಗ್ತಾ ಬಂತು. ಬೇಸಿಗೆಯಿಂದಲೇ ಚಾರ್ಜ್ ನಿಲ್ಲುತ್ತಿರಲಿಲ್ಲ. ಬೆಳಿಗ್ಗೆ ನೂರು ತೋರಿಸಿದ್ದು, ಡೈರಿಗೆ ಹಾಲು ಹಾಕಿ ಬರುವಷ್ಟರಲ್ಲಿ ಐವತ್ತು. ಮೂವತ್ತಕ್ಕೆ ಇಳಿದ್ರೆ ಹೇಳದೆ ಕೇಳದೆ ಆಫ್. ಜೂನ್ ಕೊನೆಗೆ ಪೇಟೆಗೆ ಹೋಗಿ ತೋರಿಸಿದೆ. ಅಂಗಡಿ ಹುಡುಗ ನೋಡಿ, "ಸೆಟ್ ಸಮ ಇತ್ತ್ ಮಾವ, ಬ್ಯಾಟ್ರಿ ಮಾತ್ರ ಹೋಯ್ತ್. 1,300 ಆತ್ತ್. ಸ್ಟಾಕ್ ಇಲ್ಲೆ, ಬೆಂಗ್ಳೂರಿಂದ ಬರ್ಕ್. ಮೂರ್ ದಿನ" ಅಂದ. ಐನೂರು ಮುಂಗಡ ಕೊಟ್ಟು, ಸೆಟ್ ವಾಪಸ್ ತಕೊಂಡು ಬಂದೆ.

ಮೂರು ದಿನ ಬಿಟ್ಟು ಕೇಳಿದ್ರೆ "ನಾಳೆ ಕಾಂಬ". ವಾರ ಬಿಟ್ಟು ಕೇಳಿದ್ರೆ "ಕೊರಿಯರ್ ಬರ್ಲಿಲ್ಲೆ ಮಾವ". ಹತ್ತನೇ ದಿನ ಬಂತು ಅಂತ ಓಡಿ ಹೋದ್ರೆ ಬೇರೆ ಮಾಡೆಲ್‌ದು! ಕಂಪನಿಯ ಸರ್ವಿಸ್ ಸೆಂಟರಿಗೂ ಒಂದು ದಿನ ಹೋದೆ. ಅಲ್ಲಿ "ಸೆಟ್ ಇಲ್ಲೇ ಬಿಡಿ, ಎಂಟು ಹತ್ತು ದಿನ ಆಗಬಹುದು, ಒಳಗಿದ್ದದ್ದು ಅಳಿಸಿ ಹೋದ್ರೆ ನಮ್ಮ ಜವಾಬ್ದಾರಿ ಅಲ್ಲ, ಇಲ್ಲಿ ಸಹಿ ಹಾಕಿ" ಅಂದ್ರು. ಸಹಿ ಹಾಕದೆ ಬಂದೆ. ಬ್ಯಾಟರಿ ಬಿದ್ದದ್ದು 23ನೇ ದಿನ. ಕೂರಿಸೂಕೆ ಆ ಹುಡುಗನಿಗೆ ಬೇಕಾದದ್ದು ಅರ್ಧ ಗಂಟೆ.

ಇದರ ಮಧ್ಯದಲ್ಲೇ ಅಡಿಕೆಗೆ ಎರಡನೇ ಮದ್ದು ಬಿಡಬೇಕಿತ್ತು. ಮೊದಲನೇದು ಮೇ ಕೊನೆಗೆ ಆಗಿತ್ತು, 40-45 ದಿನಕ್ಕೆ ಇನ್ನೊಂದು ಬೀಳಲೇಬೇಕು. ನಮ್ಮಲ್ಲಿ ಮದ್ದು ಬಿಡುವವರು ಸಿಗುವುದೇ ಕಷ್ಟ, ಒಂದು ತಂಡ ನಾಲ್ಕು ಊರು ಸುತ್ತುತ್ತೆ. ಹೊಳವು ಕಂಡ ರಾತ್ರಿ ಫೋನ್ ಮಾಡಿ "ನಾಳೆ ಬರ್ಲಾ?" ಕೇಳ್ತಾರೆ. ಹೌದು ಅಂದವನ ತೋಟಕ್ಕೆ ಬರ್ತಾರೆ. ಬೋರ್ಡೋ ದ್ರಾವಣವನ್ನು ಮೊದಲೇ ಮಾಡಿ ಇಟ್ಟುಕೊಳ್ಳೂಕೆ ಆಗುವುದಿಲ್ಲ. 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ಮಾಡಿದ ದಿನವೇ ಬಿಟ್ಟು ಮುಗಿಸಬೇಕು. ಎಲ್ಲಾ ಆ ಒಂದು ಫೋನಿನ ಮೇಲೆ ನಿಂತಿರುತ್ತೆ.

ಅವತ್ತು ಮಧ್ಯಾಹ್ನದಿಂದ ಕರೆಂಟ್ ಇರಲಿಲ್ಲ. ಮೊಬೈಲ್ ಸಂಜೆಗೇ ಸತ್ತಿತ್ತು. ಮರುದಿನ ಕರೆಂಟ್ ಬಂದು ಹಚ್ಚಿ ನೋಡಿದ್ರೆ ನಾಲ್ಕು ಮಿಸ್ಡ್ ಕಾಲ್ ಮೆಸೇಜು. ನಾನು ಫೋನ್ ಮಾಡುವಾಗ ಅವರು ಬೇರೆಯವರ ಮರದ ಮೇಲೆ. ಮತ್ತೆ ಹೊಳವು ಸಿಕ್ಕಿದ್ದು ಹನ್ನೊಂದು ದಿನ ಕಳೆದು. ಅಷ್ಟರಲ್ಲಿ ಕೆಳಗಿನ ಬದಿಯ ಮರಗಳಿಗೆ ಕೊಳೆ ಹತ್ತಿ ಆಗಿತ್ತು. ಬೆಳಿಗ್ಗೆ ಬುಡದಲ್ಲಿ ಬಿದ್ದ ಹಸಿ ಕಾಯಿ ಹೆಕ್ಕುವ ಕೆಲಸ ಎಂಥದ್ದು ಅಂತ ನಿಮಗೆ ನಾನು ಹೇಳಬೇಕಾ?

ಪೂರಾ ತಪ್ಪು ಬ್ಯಾಟರಿಯದ್ದು ಅಂತ ನಾನು ಹೇಳುವುದಿಲ್ಲ. ಮಳೆಯೂ ಹಾಂಗೇ ಹೊಡೀತು. ಹೆಂಡತಿ ನಂಬರ್ ಅವರಿಗೆ ಕೊಟ್ಟಿಡದೇ ಇದ್ದದ್ದು ನನ್ನ ದಡ್ಡತನ. ಆದ್ರೆ ಒಂದು ಮಾತು. ಬೆಳೆ ಸಮೀಕ್ಷೆಗೆ ಸರ್ವೆ ನಂಬರಲ್ಲೇ ನಿಂತು ಫೋಟೋ ಹೊಡೀಬೇಕು, ಅದಕ್ಕೆ ಮೊಬೈಲ್. ಪಿಎಂ ಕಿಸಾನ್ ಇ-ಕೆವೈಸಿಗೆ ಒಟಿಪಿ, ಅದಕ್ಕೂ ಮೊಬೈಲ್. ಬ್ಯಾಂಕು, ಗ್ಯಾಸು, ದನದ ಡಾಕ್ಟ್ರು ಎಲ್ಲದಕ್ಕೂ ಅದೇ. ಇಷ್ಟನ್ನೂ ಅದರೊಳಗೆ ತುರುಕಿದ ಮೇಲೆ, ಅದು ಕೆಟ್ಟರೆ ಎಷ್ಟು ದಿನದಲ್ಲಿ ಸಮ ಆಗಬೇಕು ಅಂತ ಒಂದು ಲೆಕ್ಕ ಬೇಡವಾ?

ಟಿಲ್ಲರಿನ ಬೇರಿಂಗ್ ಹೋದ್ರೆ ಅವತ್ತೇ ಸಂಜೆ ಪೇಟೆಯಲ್ಲಿ ಸಿಗುತ್ತೆ. ಪಂಪಿನ ಕಾಯಿಲ್ ಸುಟ್ಟರೆ ಎರಡು ದಿನ. ನಟ್ಟಿ ಹೊತ್ತಿಗೆ "ನಾಳೆ ಕಾಂಬ" ಅಂದ್ರೆ ಮರುದಿನ ಆ ಅಂಗಡಿಗೆ ಯಾರೂ ಹೋಗುವುದಿಲ್ಲ. ಮೊಬೈಲಿಗೆ ಮಾತ್ರ ನಾವು ತಲೆ ತಗ್ಗಿಸಿ ಕಾಯ್ತೇವೆ.

ಮೊದಲು ಹೀಗಿರಲಿಲ್ಲ. 2003ರಲ್ಲಿ ಬಂದ ಟಾರ್ಚ್ ಇದ್ದ ನೋಕಿಯಾ 1100 ನೆನಪಿದೆಯಲ್ಲ? ಬಿಎಲ್-5ಸಿ ಅಂತ ಬ್ಯಾಟರಿ. ಹಿಂದಿನ ಮುಚ್ಚಳ ತೆಗೆದು ಉಗುರಲ್ಲಿ ಎಬ್ಬಿಸಿದ್ರೆ ಕೈಗೆ ಬರ್ತಿತ್ತು. 2007ರ ಆಗಸ್ಟಿನಲ್ಲಿ ಅದೇ ಬ್ಯಾಟರಿ ಚಾರ್ಜ್ ಮಾಡುವಾಗ ಬಿಸಿಯಾಗ್ತದೆ ಅಂತ ಆದಾಗ, 4.6 ಕೋಟಿ ಬ್ಯಾಟರಿಗಳಿಗೆ ಬದಲಿ ಕೊಡ್ತೇವೆ ಅಂತ ಕಂಪನಿಯೇ ಹೇಳ್ತು. ಈಗಿನ ಸೆಟ್ಟಲ್ಲಿ ಬ್ಯಾಟರಿಯನ್ನು ಗೋಂದು ಹಾಕಿ ಒಳಗೆ ಅಂಟಿಸಿರ್ತಾರೆ. ಮಾಡೆಲ್ ನೂರಾರು, ಒಂದರದ್ದು ಇನ್ನೊಂದಕ್ಕೆ ಆಗುವುದಿಲ್ಲ. ಅಂಗಡಿಯವನಾದ್ರೂ ಎಷ್ಟು ತರಹದ್ದು ಇಟ್ಟುಕೊಳ್ಳಲಿ? ಹಾಂಗಾಗಿ ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ.

ಬಿಡಿ ಲಿಥಿಯಂ ಅಯಾನ್ ಬ್ಯಾಟರಿಯನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ ಅಂತ 2016ರ ಏಪ್ರಿಲಿನಿಂದ ನಿಯಮ ಇದೆ. ಅದು ಬೆಂಕಿಯ ಭಯಕ್ಕೆ, ಸರಿಯೇ. ಆದ್ರೆ ಬೆಂಗಳೂರಲ್ಲಿ ರಾತ್ರಿ ಬಸ್ಸು ಹತ್ತಿದವ ಬೆಳಿಗ್ಗೆ ಕುಂದಾಪುರದಲ್ಲಿ ಇಳೀತಾನೆ ಮಾರಾಯ್ರೆ! ಬ್ಯಾಟರಿಗೆ 23 ದಿನ ಯಾಕೆ?

"ಹೊಸ ಸೆಟ್ಟೇ ತಕೊಳ್ಳಿ" ಅಂತ ಸುಮಾರು ಜನ ಹೇಳಿದ್ರು. ಹನ್ನೆರಡು ಸಾವಿರ. ಒಂದು ಟಯರ್ ಸವೆದದ್ದಕ್ಕೆ ಯಾರಾದ್ರೂ ಗಾಡಿ ಬದಲಿಸ್ತಾರಾ? ಕಾಯಿಸಿ ಕಾಯಿಸಿ ಸುಸ್ತು ಮಾಡಿದ್ರೆ ಹೊಸತು ತಕೊಳ್ತಾರೆ ಅನ್ನುವ ಲೆಕ್ಕವೂ ಇದರಲ್ಲಿ ಇರಬಹುದು ಅಂತ ನನಗೆ ಕಾಣುತ್ತೆ.

ಯುರೋಪಿನಲ್ಲಿ ಇದಕ್ಕೆ ಕಾನೂನೇ ಬಂದಿದೆ. 2025ರ ಜೂನ್ 20ರಿಂದ ಅಲ್ಲಿ ಮಾರುಕಟ್ಟೆಗೆ ಬರುವ ಮೊಬೈಲಿನ ಮುಖ್ಯ ಬಿಡಿಭಾಗಗಳನ್ನು ಕಂಪನಿ 5ರಿಂದ 10 ಕೆಲಸದ ದಿನದೊಳಗೆ ಕೊಡಬೇಕು, ಆ ಮಾಡೆಲ್ ಮಾರುವುದು ನಿಲ್ಲಿಸಿದ ಮೇಲೂ 7 ವರ್ಷ ಕೊಡಬೇಕು. ನಮ್ಮಲ್ಲಿ 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿಗೆ ಒಂದು ಸಮಿತಿ ಮಾಡ್ತು, ಅದೇ ವರ್ಷ ಡಿಸೆಂಬರ್ 24ಕ್ಕೆ ಪೋರ್ಟಲ್ ಬಿಟ್ಟರು. ಅದರಲ್ಲಿ ಕೃಷಿ ಯಂತ್ರವೂ ಇದೆ, ಮೊಬೈಲೂ ಇದೆ. ಅಂದ್ರೆ ನಮ್ಮ ಟಿಲ್ಲರು, ನಮ್ಮ ಮೊಬೈಲು ಎರಡೂ ಒಂದೇ ಪಟ್ಟಿಯಲ್ಲಿ. ಪೋರ್ಟಲ್ ಒಳ್ಳೆಯದೇ. ಆದ್ರೆ ಇಷ್ಟು ದಿನದೊಳಗೆ ಕೊಡಲೇಬೇಕು ಅನ್ನುವ ಗಡುವು ಬರದೆ ನಮ್ಮ ಪೇಟೆಯಲ್ಲಿ ಏನೂ ಬದಲಾಗುವುದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅಲ್ಲಿವರೆಗೆ ನಾವು ಮಾಡಬಹುದಾದದ್ದು ಇಷ್ಟು. ಸೆಟ್ ತಕೊಳ್ಳುವಾಗ ಕ್ಯಾಮೆರಾ ಎಷ್ಟು ಅಂತ ಕೇಳುವ ಮೊದಲು "ಇದರ ಬ್ಯಾಟರಿ ಇಲ್ಲಿ ಸಿಗುತ್ತಾ, ಎಷ್ಟು ದಿನಕ್ಕೆ" ಅಂತ ಕೇಳಿ. ಮುಂಗಡ ಕೊಟ್ಟರೆ ಮಾಡೆಲ್ ನಂಬರ್, ತಾರೀಕು ಬರೆಸಿ ಚೀಟಿ ತಕೊಳ್ಳಿ. ಚೀಟಿ ಇದ್ದರೆ 1915ಕ್ಕೆ ಗ್ರಾಹಕ ದೂರು ಕೊಡೂಕೆ ಆಧಾರ ಆಗುತ್ತೆ. ಬ್ಯಾಟರಿ ಬದಲಿಸುವುದಿದ್ದರೆ ಮಳೆ ಹಿಡಿಯುವ ಮೊದಲೇ, ಮೇ ತಿಂಗಳಲ್ಲೇ ಮಾಡಿ ಮುಗಿಸಿ. ಬೇಸಿಗೆಯಲ್ಲಿ ಮೊಬೈಲನ್ನು ಬಿಸಿಲಿಗೆ, ಬೈಕಿನ ಮೇಲೆ ಇಡಬೇಡಿ, ಬಿಸಿಯೇ ಬ್ಯಾಟರಿಗೆ ದೊಡ್ಡ ಶತ್ರು. ಉಬ್ಬಿದ್ದನ್ನು ಚಾರ್ಜಿಗೆ ಹಾಕಬೇಡಿ, ಚುಚ್ಚಬೇಡಿ, ಗೊಬ್ಬರದ ಗುಂಡಿಗೂ ಎಸೆಯಬೇಡಿ. ಮದ್ದು ಬಿಡುವವರಿಗೆ, ದನದ ಡಾಕ್ಟ್ರಿಗೆ ಮನೆಯ ಎರಡು ನಂಬರ್ ಕೊಟ್ಟಿಡಿ. ನಾನು ಕಲಿತದ್ದು ಅಡಿಕೆ ಕಳಕೊಂಡ ಮೇಲೆ.

ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ನಿಮಗೆ ಬ್ಯಾಟರಿ ಬರೂಕೆ ಎಷ್ಟು ದಿನ ಹಿಡೀತು ಅಂತ ಬರೆಯಿರಿ. ನಮ್ಮ ಮೂರು ತಾಲೂಕಿನ ಲೆಕ್ಕ ಒಟ್ಟಾದ್ರೆ ಕೇಳೂಕೆ ಒಂದು ಬಲ ಬರುತ್ತೆ. ಮೋಡ ಮತ್ತೆ ಕಟ್ತಾ ಇದೆ, ಅಂಗಳದಲ್ಲಿ ಹುಲ್ಲು ಉಂಟು. ಏಳ್ತೇನೆ.